ಅಪ್ಪಯ್ಯನ ಲಿವರ್ ಗಡ್ಡೆಗೆ ಕೈಯ ರಕ್ತನಾಳದಿಂದ ಚಿಕಿತ್ಸೆ: ‘ಟೇಸ್’ ಮಾಡಿಸಬಹುದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪಯ್ಯನಿಗೆ 64 ವರ್ಷ, ಅಡಿಕೆ ತೋಟ ನೋಡಿಕೊಂಡಿದ್ದಾರೆ. ಕುಡಿತ ಇಲ್ಲ. ಊಟ ಸೇರುತ್ತಿಲ್ಲ ಎಂದು ತೋರಿಸಿದಾಗ ಲಿವರ್‌ನಲ್ಲಿ ಎರಡು ಗಡ್ಡೆ ಕಂಡಿವೆ. ಬಲಭಾಗದಲ್ಲಿ 4.5 ಸೆಂ.ಮೀ., ಎಡಭಾಗದಲ್ಲಿ 2 ಸೆಂ.ಮೀ. ಹೆಪಟೈಟಿಸ್ ಬಿ ಇದೆ, ಸಿರೋಸಿಸ್ ಕೂಡ ಶುರುವಾಗಿದೆ ಅಂತಾರೆ. ಬಯಾಪ್ಸಿ ಮಾಡದೆಯೇ ಕ್ಯಾನ್ಸರ್ ಎಂದು ಹೇಳಿದರು. ಆಪರೇಷನ್ ಆಗಲ್ಲ, ಕೈ ನರದಿಂದ ಲಿವರ್‌ಗೆ ಔಷಧಿ ಬಿಡ್ತೀವಿ, ಅದಕ್ಕೆ ‘ಟೇಸ್’ ಅಂತಾರೆ ಎಂದರು. ಹಾಗಂದ್ರೆ ಕೈಬಿಟ್ಟರು ಅಂತಲಾ? ನೆಂಟರು ನಾಟಿ ಔಷಧಿ ಕೊಡಿಸಿ ಅಂತಿದ್ದಾರೆ. ಹೆರಿಗೆಗೆ ಬಂದಿರುವ ತಂಗಿಗೆ ಈಗ ಏಳು ತಿಂಗಳು, ಅವಳ ಎದುರು ಈ ವಿಷಯ ಮಾತಾಡೋಕೂ ಆಗುತ್ತಿಲ್ಲ. ದಾರಿ ತಿಳಿಸಿ.

ಉತ್ತರ: ಕೈಬಿಟ್ಟಿಲ್ಲ. ಇದನ್ನು ಮೊದಲು ನಿಮ್ಮ ಅಮ್ಮನಿಗೆ ಹೇಳಿ ಬನ್ನಿ, ಮುಂದಿನದನ್ನು ಆಮೇಲೆ ಓದಿ. ‘ಆಪರೇಷನ್ ಆಗಲ್ಲ’ ಅನ್ನುವ ಮಾತು ನಮ್ಮ ಕಡೆ ‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಅಂದ ಹಾಗೆ ಕೇಳಿಸುತ್ತದೆ. ಶಿವಮೊಗ್ಗದಲ್ಲಿ ನನ್ನ ಮುಂದೆ ಬಂದು ಕೂರುವ ಹೆಚ್ಚಿನ ಮನೆಯವರ ಮುಖದಲ್ಲಿ ಇದೇ ಭಯ ಕಂಡಿದ್ದೇನೆ. ಲಿವರ್ ಕ್ಯಾನ್ಸರ್‌ನಲ್ಲಿ ಆ ಮಾತಿನ ಅರ್ಥ ಬೇರೆ.

ನಾನು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವುದು ಮಾತ್ರ ನಮ್ಮ ಕೆಲಸವಲ್ಲ. ಆ ಸ್ಕ್ಯಾನನ್ನೇ ಕಣ್ಣಾಗಿಟ್ಟುಕೊಂಡು ಸೂಜಿಯಿಂದಲೋ ದಾರದಷ್ಟು ತೆಳುವಾದ ಕೊಳವೆಯಿಂದಲೋ ಒಳಗೆ ಹೋಗಿ ಚಿಕಿತ್ಸೆ ಮಾಡುತ್ತೇವೆ. ನಿಮ್ಮ ಅಪ್ಪಯ್ಯನಿಗೆ ಹೇಳಿರುವುದು ಇದೇ ಚಿಕಿತ್ಸೆ.

ಅವರ ದೇಹದಲ್ಲಿ ಈಗ ಒಂದಲ್ಲ, ಎರಡು ಕಾಯಿಲೆ ಇವೆ. ಒಂದು ಗಡ್ಡೆ. ಇನ್ನೊಂದು, ಆ ಗಡ್ಡೆ ಬೆಳೆದಿರುವ ಲಿವರ್‌ನದೇ ಕಾಯಿಲೆ. ಹೆಪಟೈಟಿಸ್ ಬಿ ವೈರಸ್ ವರ್ಷಗಟ್ಟಲೆ ಒಳಗೇ ಕೂತು ಲಿವರನ್ನು ಗಾಯ ಮಾಡಿದೆ. ಗಾಯ ಮಾದ ಜಾಗವೆಲ್ಲ ಗಟ್ಟಿಯಾಗಿ ಗಂಟುಗಂಟಾಗಿದೆ. ಅದೇ ಸಿರೋಸಿಸ್. ಚೆನ್ನಾಗಿರುವ ಲಿವರ್ ಆಗಿದ್ದರೆ ಅರ್ಧಕ್ಕಿಂತ ಜಾಸ್ತಿ ಕೊಯ್ದು ತೆಗೆದರೂ ಮತ್ತೆ ಬೆಳೆಯುತ್ತದೆ. ಸಿರೋಸಿಸ್ ಆದ ಲಿವರ್‌ಗೆ ಆ ಶಕ್ತಿ ಇಲ್ಲ. ಮೇಲಿಂದ ನಿಮ್ಮ ಅಪ್ಪಯ್ಯನ ಗಡ್ಡೆಗಳು ಎರಡೂ ಕಡೆ ಇವೆ. ಎರಡನ್ನೂ ಕೊಯ್ದರೆ ಬದುಕಲು ಬೇಕಾದಷ್ಟು ಲಿವರ್ ಉಳಿಯುವುದಿಲ್ಲ. ಸರ್ಜನ್ ಬೇಡ ಎಂದಿರುವುದು ಅದಕ್ಕೆ. ಅವರು ಸರಿಯಾಗಿಯೇ ಹೇಳಿದ್ದಾರೆ.

ಹಾಗಾಗಿ ನಾವು ಗಡ್ಡೆ ಎಷ್ಟು ದೊಡ್ಡದು ಎಂದು ನೋಡುವಷ್ಟೇ ಶ್ರದ್ಧೆಯಿಂದ ಉಳಿದ ಲಿವರ್ ಹೇಗಿದೆ ಎಂದೂ ನೋಡುತ್ತೇವೆ. ಅದಕ್ಕೆ ‘ಚೈಲ್ಡ್-ಪ್ಯೂ’ ಎಂಬ ಲೆಕ್ಕ ಇದೆ. ರಕ್ತದಲ್ಲಿ ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಎಷ್ಟು, ಲಿವರ್ ತಯಾರಿಸುವ ಪ್ರೋಟೀನಾದ ಆಲ್ಬುಮಿನ್ ಎಷ್ಟು, ರಕ್ತ ಹೆಪ್ಪುಗಟ್ಟುವುದನ್ನು ತೋರಿಸುವ ಐಎನ್‌ಆರ್ ಎಷ್ಟು, ಹೊಟ್ಟೆಯಲ್ಲಿ ನೀರು ತುಂಬಿದೆಯಾ, ಮಾತಿನಲ್ಲಿ ಮಂಕು ಗೊಂದಲ ಇದೆಯಾ. ಈ ಐದನ್ನು ಸೇರಿಸಿ ಎ, ಬಿ, ಸಿ ಎಂದು ದರ್ಜೆ ಹಾಕುತ್ತೇವೆ. ಎ ಅಂದರೆ ಲಿವರ್ ಇನ್ನೂ ಕೆಲಸ ಮಾಡುತ್ತಿದೆ. ಸಿ ಅಂದರೆ ಸೋತಿದೆ. ‘ಅಪ್ಪಯ್ಯನದು ಎ, ಬಿ, ಸಿಯಲ್ಲಿ ಯಾವುದು?’ ಎಂದು ಡಾಕ್ಟರನ್ನು ಕೇಳಿ. ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನಾನು ಮೊದಲು ಕೇಳುವ ಸಂಗತಿ ಇದು. ಟೇಸ್ ಹೇಳಿದ್ದಾರೆ ಅಂದರೆ ಎ ಇರಬೇಕು, ಅಥವಾ ಬಿಯ ಶುರುವಿನಲ್ಲಿ ಇರಬೇಕು.

ಬಯಾಪ್ಸಿ ಇಲ್ಲದೆ ಹೇಗೆ ಹೇಳಿದರು ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಬೇರೆ ಬಹುತೇಕ ಕ್ಯಾನ್ಸರ್‌ಗಳಲ್ಲಿ ಚೂರು ತೆಗೆದು ಪರೀಕ್ಷಿಸದೆ ಚಿಕಿತ್ಸೆ ಶುರು ಮಾಡುವುದಿಲ್ಲ. ಲಿವರ್‌ನಲ್ಲೇ ಹುಟ್ಟುವ ಈ ಕ್ಯಾನ್ಸರ್‌ಗೆ ಮಾತ್ರ ಒಂದು ಗುರುತು ಇದೆ. ಸಿಟಿ ಸ್ಕ್ಯಾನ್ ಮಾಡುವಾಗ ಕೈಗೆ ಡೈ, ಅಂದರೆ ರಕ್ತ ಹರಿಯುವ ಜಾಗ ಎದ್ದು ಕಾಣಿಸುವ ದ್ರವ, ಕೊಡುತ್ತಾರೆ. ಕೊಟ್ಟ ಅರ್ಧ ನಿಮಿಷದ ಆಸುಪಾಸಿನಲ್ಲೇ ಗಡ್ಡೆ ಸುತ್ತಲಿನ ಲಿವರ್‌ಗಿಂತ ಜಾಸ್ತಿ ಬೆಳ್ಳಗೆ ಹೊಳೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿತ್ರ ತೆಗೆದರೆ ಸುತ್ತಲಿನ ಲಿವರ್‌ಗಿಂತ ಮಂಕಾಗಿರುತ್ತದೆ. ಹೀಗೆ ಬೇಗ ಹೊಳೆದು ಬೇಗ ಮಾಸುವ ಗಡ್ಡೆ, ಅದೂ ಸಿರೋಸಿಸ್ ಅಥವಾ ಹೆಪಟೈಟಿಸ್ ಬಿ ಇರುವವರಲ್ಲಿ ಕಂಡರೆ, ಅದು ಲಿವರ್ ಕ್ಯಾನ್ಸರ್ ಎಂದು ಜಗತ್ತಿನಾದ್ಯಂತ ಒಪ್ಪುತ್ತಾರೆ. ಸುಮ್ನೆ ಸೂಜಿ ಹಾಕಿದರೆ ರಕ್ತಸ್ರಾವ ಆಗಬಹುದು, ಅಪರೂಪಕ್ಕೆ ಸೂಜಿ ಹಾದ ದಾರಿಯಲ್ಲಿ ಕ್ಯಾನ್ಸರ್ ಕಣಗಳು ಉಳಿಯಬಹುದು. ಸ್ಕ್ಯಾನ್ ಸ್ಪಷ್ಟವಾಗಿ ಹೇಳದಿದ್ದಾಗ ಮಾತ್ರ ಬಯಾಪ್ಸಿ ಬೇಕು. ನಿಮ್ಮ ಡಾಕ್ಟರು ಏನನ್ನೂ ತಪ್ಪಿಸಿಲ್ಲ.

ಅದು ಬೇಗ ಹೊಳೆಯುವುದು ಯಾಕೆ ಎಂದು ಗೊತ್ತಾದರೆ ಟೇಸ್ ಏನು ಎಂದೂ ಗೊತ್ತಾಗುತ್ತದೆ. ನಿಮ್ಮದು ಅಡಿಕೆ ತೋಟ ಅಲ್ವಾ, ಹಾಗೇ ಹೇಳುತ್ತೇನೆ. ಒಂದು ತೋಟಕ್ಕೆ ಎರಡು ನೀರು ಇದೆ ಎಂದುಕೊಳ್ಳಿ. ಒಂದು, ಹಳ್ಳದಿಂದ ಬರುವ ದೊಡ್ಡ ಕಾಲುವೆ. ಗೊಬ್ಬರದ ಸಾರ ಹೊತ್ತು ತರುವುದು ಅದೇ. ಇನ್ನೊಂದು, ಗುಡ್ಡದ ಅಬ್ಬಿಯಿಂದ ಬರುವ ತೆಳುವಾದ ಪೈಪಿನ ನೀರು. ಲಿವರ್‌ಗೂ ಹೀಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಕರುಳಿನಿಂದ ಊಟದ ಸಾರ ಹೊತ್ತು ಬರುವ ಪೋರ್ಟಲ್ ವೇನ್ ದೊಡ್ಡ ಕಾಲುವೆ, ಸುಮಾರು 75 ಭಾಗ ರಕ್ತ ಅದರದು. ಹೃದಯದಿಂದ ನೇರ ಬರುವ ಹೆಪಾಟಿಕ್ ಆರ್ಟರಿ ಅಬ್ಬಿಯ ಪೈಪು, ಅದರದು ಸುಮಾರು 25 ಭಾಗ. ಚೆನ್ನಾಗಿರುವ ಲಿವರ್ ಹೆಚ್ಚಾಗಿ ಕಾಲುವೆಯ ನೀರಿನಲ್ಲೇ ಬದುಕುತ್ತದೆ. ಕ್ಯಾನ್ಸರ್ ಗಡ್ಡೆ ಹಾಗಲ್ಲ. ಅದು ತನಗೆ ಬೇಕಾದುದನ್ನೆಲ್ಲ ಹೆಚ್ಚುಕಡಿಮೆ ಅಬ್ಬಿ ಪೈಪಿನಿಂದಲೇ ಎಳೆದುಕೊಳ್ಳುತ್ತದೆ.

ಈಗ ಆ ಪೈಪಿನಲ್ಲಿ ಗಡ್ಡೆಗೆ ಹೋಗುವ ಕವಲನ್ನು ಮಾತ್ರ ಹುಡುಕಿ, ಅದರಲ್ಲಿ ಕ್ಯಾನ್ಸರ್ ಔಷಧಿ ಬಿಟ್ಟು, ಆಮೇಲೆ ಕವಲನ್ನೇ ಮುಚ್ಚಿದರೆ? ಗಡ್ಡೆಗೆ ಔಷಧಿಯ ಪೆಟ್ಟೂ ಬಿತ್ತು, ಅನ್ನನೀರೂ ನಿಂತಿತು. ಉಳಿದ ತೋಟ ಕಾಲುವೆ ನೀರಿನಲ್ಲಿ ನಡೆಯುತ್ತದೆ. ಟೇಸ್ ಅಂದರೆ ಇಷ್ಟೇ. ಆದರೆ ಅಕಸ್ಮಾತ್ ದೊಡ್ಡ ಕಾಲುವೆಯೇ ಕಟ್ಟಿಕೊಂಡಿದ್ದರೆ ಪೈಪು ಮುಚ್ಚುವುದು ಅಪಾಯ. ಕ್ಯಾನ್ಸರ್ ಪೋರ್ಟಲ್ ವೇನ್ ಒಳಗೆ ಹೊಕ್ಕು ಅದನ್ನು ಮುಚ್ಚಿರುವುದು ಇದೆ. ಅಂಥವರಿಗೆ ಮಾಮೂಲಿ ಟೇಸ್ ಮಾಡುವುದಿಲ್ಲ. ನಿಮ್ಮ ಸಿಟಿ ರಿಪೋರ್ಟ್‌ನಲ್ಲಿ ಪೋರ್ಟಲ್ ವೇನ್ ಬಗ್ಗೆ ಒಂದು ಸಾಲು ಇದ್ದೇ ಇರುತ್ತದೆ, ಹುಡುಕಿ. ‘ಪೇಟೆಂಟ್’ ಎಂದು ಬರೆದಿದ್ದರೆ ಕಾಲುವೆ ತೆರೆದಿದೆ ಎಂದರ್ಥ.

ಕೈ ‘ನರ’ದಿಂದ ಹೋಗುತ್ತಾರೆ ಎಂದಿದ್ದೀರಿ. ನಮ್ಮ ಮಾತಿನಲ್ಲಿ ರಕ್ತನಾಳಕ್ಕೂ ನರ ಎನ್ನುತ್ತೇವೆ, ಹಾಗಾಗಿ ಎಷ್ಟೋ ಜನ ಪಾರ್ಶ್ವವಾಯು ಆದೀತಾ ಎಂದು ಹೆದರುತ್ತಾರೆ. ಇದು ನಾಡಿ ಹಿಡಿದು ನೋಡುತ್ತೇವಲ್ಲ, ಆ ರಕ್ತನಾಳ. ಕೆಲವರು ತೊಡೆಸಂದಿನಿಂದ ಹೋಗುತ್ತಾರೆ, ಕೆಲವರು ಮಣಿಕಟ್ಟಿನಿಂದ. ಮಣಿಕಟ್ಟಿನಿಂದ ಮಾಡಿದರೆ ಬೇಗ ಎದ್ದು ಓಡಾಡಬಹುದು. ಎರಡೂ ಸರಿ.

ಆ ದಿನ ಏನಾಗುತ್ತದೆ ಎಂದು ಹೇಳಿದರೆ ಅಪ್ಪಯ್ಯನಿಗೂ ಧೈರ್ಯ ಬರುತ್ತದೆ, ಇದನ್ನು ಅವರಿಗೆ ಓದಿ ಹೇಳಿ. ಈ ಕೆಲಸ ಮಾಡುವ ಕೋಣೆ, ಕ್ಯಾಥ್ ಲ್ಯಾಬ್, ತಣ್ಣಗಿರುತ್ತದೆ, ಕಾಲು ಮುಚ್ಚಲು ಇನ್ನೊಂದು ಹೊದಿಕೆ ಕೇಳಿ ಪಡೆಯಿರಿ. ನಾವೆಲ್ಲ ಸೀಸದ ಏಪ್ರನ್ ಹಾಕಿಕೊಂಡಿರುತ್ತೇವೆ, ಅದನ್ನು ನೋಡಿ ಗಾಬರಿ ಬೇಡ. ಮಣಿಕಟ್ಟಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ. ಇರುವೆ ಕಚ್ಚಿದಷ್ಟು ಉರಿ, ಅಷ್ಟೇ. ಆಮೇಲೆ ಸೂಜಿ, ಸೂಜಿಯೊಳಗೆ ತಂತಿ, ಸೂಜಿ ತೆಗೆದು ತಂತಿಯ ಮೇಲೆ ಕೊಳವೆ. ಈ ಸರಳ ಉಪಾಯವನ್ನು 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಎಂಬ ಡಾಕ್ಟರ್ ಪ್ರಕಟಿಸಿದರು, ಇವತ್ತಿಗೂ ನಮ್ಮ ಎಲ್ಲ ಕೆಲಸ ಅದರ ಮೇಲೇ ನಿಂತಿದೆ. ಕೊಳವೆ ತೋಳಿನಲ್ಲಿ ಮೇಲೆ ಹೋಗಿ, ಭುಜ ದಾಟಿ, ದೊಡ್ಡ ರಕ್ತನಾಳದಲ್ಲಿ ಇಳಿದು ಹೊಟ್ಟೆಗೆ ಬರುತ್ತದೆ. ಇದು ಯಾವುದೂ ರೋಗಿಗೆ ಗೊತ್ತಾಗುವುದಿಲ್ಲ. ರಕ್ತನಾಳದ ಒಳಗೋಡೆಗೆ ಮುಟ್ಟಿದ ಅರಿವು ಇಲ್ಲ.

ಡೈ ಬಿಟ್ಟಾಗ ಮೈಯೆಲ್ಲ ಒಂದು ಸಲ ಬಿಸಿಯಾದ ಹಾಗೆ ಅನಿಸುತ್ತದೆ. ‘ಉಸಿರು ಹಿಡ್ಕೊಳ್ಳಿ’ ಎನ್ನುತ್ತೇವೆ. ಬಿಳಿ ಪರದೆಯ ಮೇಲೆ ಕಪ್ಪು ಗೀಟುಗಳು ಮೂಡುತ್ತವೆ, ಎಲೆ ಉದುರಿದ ಮರದ ಹಾಗೆ. ಒಂದು ಕೊಂಬೆಯ ತುದಿಯಲ್ಲಿ ಹಕ್ಕಿಗೂಡಿನಂತೆ ಕಪ್ಪು ಗೋಜಲು ಕಾಣುತ್ತದೆ. ಅದೇ ಗಡ್ಡೆ. ಅಲ್ಲಿಂದ ದೊಡ್ಡ ಕೊಳವೆಯೊಳಗೆ ಇನ್ನೂ ಸಣ್ಣದೊಂದನ್ನು ಕಳಿಸುತ್ತೇವೆ. ಅದರ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಕವಲಿನಿಂದ ಕವಲಿಗೆ ತಿರುಗಿಸುತ್ತಾ ಗೂಡಿನ ಬುಡಕ್ಕೆ ಮುಟ್ಟಿಸುವುದು ತಾಳ್ಮೆಯ ಕೆಲಸ. ಬೇಗ ಮುಗಿಸಲು ಹಿಂದೆಯೇ ನಿಂತು ಔಷಧಿ ಬಿಟ್ಟರೆ ಚೆನ್ನಾಗಿರುವ ಲಿವರ್‌ಗೂ ಪೆಟ್ಟು ಬೀಳುತ್ತದೆ. ಒಂದು ಗಂಟೆಯಲ್ಲಿ ಮುಗಿಯಬಹುದು, ಎರಡು ಗಂಟೆಯೂ ಆಗಬಹುದು. ಹೊರಗೆ ಕಾಯುವವರು ತಡವಾಯಿತೆಂದು ಹೆದರಬೇಡಿ.

ಈ ಹೊತ್ತಿಗೆ ಪಕ್ಕದ ಮೇಜಿನ ಮೇಲೆ ಔಷಧಿ ತಯಾರಾಗುತ್ತಿರುತ್ತದೆ. ಡಾಕ್ಸೋರುಬಿಸಿನ್ ಎಂಬ ಕೆಂಪು ಬಣ್ಣದ ಕ್ಯಾನ್ಸರ್ ಔಷಧಿ ಒಂದು ಸಿರಿಂಜಿನಲ್ಲಿ. ಲಿಪಿಯೋಡಾಲ್ ಎಂಬ ಎಣ್ಣೆ ಇನ್ನೊಂದರಲ್ಲಿ. ಈ ಎಣ್ಣೆ ಗಸಗಸೆಯಿಂದ ತೆಗೆದದ್ದು. ಹೌದು, ನಾವು ಪಾಯಸ ಮಾಡುವ ಅದೇ ಗಸಗಸೆ. ಅದಕ್ಕೆ ಅಯೋಡಿನ್ ಸೇರಿಸಿರುತ್ತಾರೆ, ಎಕ್ಸ್‌ರೇಯಲ್ಲಿ ಕಾಣಲಿ ಎಂದು. ಎರಡೂ ಸಿರಿಂಜನ್ನು ಒಂದು ಸಣ್ಣ ನಲ್ಲಿಗೆ ಜೋಡಿಸಿ ಆ ಕಡೆ ಈ ಕಡೆ ಹತ್ತಾರು ಸಲ ತಳ್ಳುತ್ತೇವೆ, ಎರಡೂ ಬೆರೆತು ಗಟ್ಟಿ ಮಜ್ಜಿಗೆಯ ಹದಕ್ಕೆ ಬರುವವರೆಗೆ. ಆಮೇಲೆ ಹನಿಹನಿಯಾಗಿ ಬಿಡುತ್ತೇವೆ. ಪರದೆಯ ಮೇಲೆ ಗಡ್ಡೆ ನಿಧಾನವಾಗಿ ತುಂಬುತ್ತಾ ಹೋಗುವುದು ಕಾಣುತ್ತದೆ. ಎಣ್ಣೆ ಗಡ್ಡೆಯಲ್ಲೇ ಅಂಟಿಕೊಂಡು ಕೂರುತ್ತದೆ. ಕೊನೆಗೆ ಜೆಲಟಿನ್‌ನ ಸಣ್ಣ ಚೂರುಗಳಿಂದ ಕವಲು ಮುಚ್ಚುತ್ತೇವೆ. ಕೆಲವು ಕಡೆ ಎಣ್ಣೆಯ ಬದಲು ಔಷಧಿ ತುಂಬಿದ ಸಣ್ಣ ಮಣಿಗಳನ್ನು ಬಳಸುತ್ತಾರೆ. ಬೆಲೆ ಜಾಸ್ತಿ, ಆಯಸ್ಸಿನ ಲೆಕ್ಕದಲ್ಲಿ ಮಾತ್ರ ಅದು ಮಾಮೂಲಿ ಟೇಸ್‌ಗಿಂತ ಮೇಲು ಎಂದು ಸಾಬೀತಾಗಿಲ್ಲ. ದುಬಾರಿ ಮಣಿ ಸಿಗಲಿಲ್ಲ ಎಂದು ಕೊರಗಬೇಡಿ.

ಮುಗಿದ ಮೇಲಿನ ಮೂರ್ನಾಲ್ಕು ದಿನ ಕಷ್ಟ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಕೆಡಿಸಿಬಿಟ್ಟರು ಎಂದುಕೊಳ್ಳುತ್ತಾರೆ. ಬಲಪಕ್ಕೆಯ ಕೆಳಗೆ ನೋವು, ಜ್ವರ, ವಾಕರಿಕೆ, ಸುಸ್ತು. ಗಡ್ಡೆ ಸಾಯುತ್ತಿರುವುದಕ್ಕೆ ದೇಹ ಹೀಗೆ ಪ್ರತಿಕ್ರಿಯೆ ಕೊಡುತ್ತದೆ. ಹೆಚ್ಚಿನವರಿಗೆ ಒಂದು ವಾರದೊಳಗೆ ಇಳಿಯುತ್ತದೆ, ಊಟ ಸೇರಲು ಇನ್ನೂ ಸ್ವಲ್ಪ ದಿನ ಹಿಡಿಯಬಹುದು. ಜ್ವರ ವಾರ ಕಳೆದರೂ ನಿಲ್ಲದಿದ್ದರೆ, ಚಳಿ ನಡುಕದ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ, ಕಪ್ಪು ಮಲ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ಲಿವರ್‌ನಲ್ಲಿ ಕೀವು ಕಟ್ಟಿರಬಹುದು ಅಥವಾ ಲಿವರ್ ಸೋಲುತ್ತಿರಬಹುದು. ಇವು ಕಡಿಮೆ ಜನರಿಗೆ ಆಗುತ್ತವೆ, ಆದರೆ ಆದಾಗ ಗಂಟೆಗಳೇ ಮುಖ್ಯ.

ನೋವಿಗೆ ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ. ಸಿರೋಸಿಸ್ ಇರುವವರಲ್ಲಿ ಅವು ಕಿಡ್ನಿ ಕೆಡಿಸುತ್ತವೆ, ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ. ಪ್ಯಾರಾಸಿಟಮಾಲ್ ಲಿವರ್‌ಗೆ ವಿಷ ಎಂದು ಎಲ್ಲರೂ ಹೆದರುತ್ತಾರೆ, ಆದರೆ ಅಳತೆಯಲ್ಲಿ, ದಿನಕ್ಕೆ ಒಟ್ಟು 2 ಗ್ರಾಂ ಮೀರದೆ, ಡಾಕ್ಟರ್ ಹೇಳಿದಂತೆ ತೆಗೆದುಕೊಂಡರೆ ಇವರಿಗೆ ಅದೇ ವಾಸಿ.

ಈಗ ನಿಮ್ಮ ಮನಸ್ಸಿನ ಮುಖ್ಯ ಪ್ರಶ್ನೆ. ಗುಣ ಆಗುತ್ತಾ? ನೇರವಾಗಿ ಹೇಳುತ್ತೇನೆ. ಟೇಸ್ ಒಂದರಿಂದಲೇ ಕ್ಯಾನ್ಸರ್ ಬುಡಸಮೇತ ಹೋಗುವುದು ಅಪರೂಪ. ಅದು ಕ್ಯಾನ್ಸರನ್ನು ಹಿಡಿದಿಡುತ್ತದೆ, ಆಯಸ್ಸು ಕೊಡುತ್ತದೆ. ಇದು ಬಾಯಿಮಾತಲ್ಲ. 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ನ ಎರಡು ತಂಡಗಳು ಬೇರೆಬೇರೆಯಾಗಿ ರೋಗಿಗಳನ್ನು ಹೋಲಿಸಿ ನೋಡಿದವು. ಟೇಸ್ ಮಾಡಿಸಿಕೊಂಡವರು ಬರೀ ಆರೈಕೆ ಪಡೆದವರಿಗಿಂತ ಜಾಸ್ತಿ ಕಾಲ ಬದುಕಿದರು. ಸರಿಯಾಗಿ ಆರಿಸಿ ಮಾಡಿದರೆ ಎರಡೂವರೆ ವರ್ಷಕ್ಕೂ ಮೀರಿದ ಆಯಸ್ಸನ್ನು ಎದುರುನೋಡಬಹುದು ಎಂಬುದು ಈಗಿನ ಲೆಕ್ಕ. ಇದು ಸರಾಸರಿ ಮಾತು. ಒಬ್ಬ ಮನುಷ್ಯನ ಹಣೆಬರಹ ಅದರಲ್ಲಿ ಬರೆದಿರುವುದಿಲ್ಲ.

ನಾಲ್ಕರಿಂದ ಆರು ವಾರಕ್ಕೆ ಮತ್ತೆ ಸಿಟಿ ಅಥವಾ ಎಂಆರ್‌ಐ ಮಾಡುತ್ತೇವೆ. ಆಗ ರಿಪೋರ್ಟ್ ನೋಡಿ ಎಷ್ಟೋ ಜನ ಅಳುತ್ತಾರೆ, ‘ಗಡ್ಡೆ ಅಷ್ಟೇ ಇದೆಯಲ್ಲ ಡಾಕ್ಟ್ರೇ’ ಎಂದು. ಅಳತೆ ನೋಡಬೇಡಿ. ಸತ್ತ ಗಡ್ಡೆಯೂ ಬಹಳ ದಿನ ಅಷ್ಟೇ ದಪ್ಪ ಇರಬಹುದು. ಡೈ ಕೊಟ್ಟಾಗ ಅದು ಮೊದಲಿನಂತೆ ಹೊಳೆಯುತ್ತದಾ, ಇಲ್ವಾ? ಹೊಳೆಯದಿದ್ದರೆ ಅದು ಸತ್ತಿದೆ. ಒಂದು ಮೂಲೆಯಲ್ಲಿ ಹೊಳೆದರೆ ಅಲ್ಲಿ ಜೀವ ಇದೆ, ಇನ್ನೊಂದು ಸಲ ಟೇಸ್ ಬೇಕಾಗಬಹುದು. ಎಷ್ಟು ಸಲ ಎಂದು ಮೊದಲೇ ನಿಗದಿ ಮಾಡುವುದಿಲ್ಲ. ಪ್ರತಿ ಸಲವೂ ಲಿವರ್ ತಡೆದುಕೊಂಡಿದೆಯಾ ಎಂದು ರಕ್ತ ಪರೀಕ್ಷೆ ನೋಡಿಯೇ ಮುಂದಿನದು. ಎರಡು ಸಲ ಚೆನ್ನಾಗಿ ಮಾಡಿದರೂ ಗಡ್ಡೆ ಬಗ್ಗದಿದ್ದರೆ ಮೂರನೆಯದಕ್ಕೆ ಹಟ ಹಿಡಿಯಬಾರದು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಇಂಜೆಕ್ಷನ್, ಮಾತ್ರೆಗಳ ದಾರಿ ಇದೆ. ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಆ ಕಡೆ ತಿರುಗಿದರೆ ಪ್ರಯೋಜನ.

ಎಡಭಾಗದ 2 ಸೆಂ.ಮೀ. ಗಡ್ಡೆಯ ಬಗ್ಗೆ ನೀವು ಒಂದು ಮಾತು ಕೇಳಲೇಬೇಕು: ‘ಅದನ್ನು ಸುಟ್ಟು ತೆಗೆಯಲು ಆಗುತ್ತಾ?’ ಅಬ್ಲೇಷನ್ ಎಂಬ ವಿಧಾನ ಇದೆ. ಸ್ಕ್ಯಾನ್ ನೋಡುತ್ತಾ ಹೊಟ್ಟೆಯ ಚರ್ಮದ ಮೇಲಿಂದಲೇ ಸೂಜಿ ಹಾಕಿ ಗಡ್ಡೆಯ ನಡುವೆ ನಿಲ್ಲಿಸಿ, ರೇಡಿಯೋ ಫ್ರೀಕ್ವೆನ್ಸಿ ಅಥವಾ ಮೈಕ್ರೋವೇವ್‌ನಿಂದ ಬಿಸಿ ಮಾಡುತ್ತೇವೆ. 60 ಡಿಗ್ರಿ ದಾಟಿದರೆ ಜೀವಕೋಶ ಉಳಿಯುವುದಿಲ್ಲ. ಗಡ್ಡೆಯಷ್ಟೇ ಅಲ್ಲ, ಸುತ್ತಲೂ ಅರ್ಧ ಸೆಂ.ಮೀ.ಗಿಂತ ಜಾಸ್ತಿ ಅಂಚನ್ನೂ ಸೇರಿಸಿ ಸುಡುತ್ತೇವೆ. 2 ಸೆಂ.ಮೀ. ಒಳಗಿನ ಗಡ್ಡೆಗೆ ಇದು ಆಪರೇಷನ್ನಿಗೆ ಹತ್ತಿರದ ಫಲ ಕೊಡುತ್ತದೆ, 3 ಸೆಂ.ಮೀ.ವರೆಗೂ ಒಳ್ಳೆಯದೇ. ಅದಕ್ಕಿಂತ ದೊಡ್ಡದಾದರೆ ಅಂಚಿನಲ್ಲಿ ಉಳಿದುಬಿಡುವ ಭಯ. ಗಡ್ಡೆ ಎಲ್ಲಿದೆ ಎನ್ನುವುದೂ ಮುಖ್ಯ. ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿದ್ದರೆ ಹರಿಯುವ ರಕ್ತ ಬಿಸಿಯನ್ನು ಹೊತ್ತೊಯ್ದು ಆ ಬದಿ ಹಸಿಯಾಗಿ ಉಳಿಯುತ್ತದೆ. ಮೈಕ್ರೋವೇವ್‌ನಲ್ಲಿ ಈ ತೊಂದರೆ ಕಡಿಮೆ. ಪಕ್ಕದಲ್ಲಿ ಕರುಳಿದ್ದರೆ ನಡುವೆ ದ್ರಾವಣ ತುಂಬಿ ಅದನ್ನು ದೂರ ಸರಿಸಿ ಸುಡುತ್ತೇವೆ. ಬಲಭಾಗದ 4.5 ಸೆಂ.ಮೀ. ಗಡ್ಡೆಗೆ ಮೊದಲು ಟೇಸ್ ಮಾಡಿ, ಆಮೇಲೆ ಅಬ್ಲೇಷನ್ ಮಾಡುವ ಕ್ರಮವೂ ಇದೆ. ಸಿಟಿ ನೋಡದೆ ಇದೇ ಮಾಡಿ ಎಂದು ನಾನು ಹೇಳಲಾರೆ, ಆದರೆ ಈ ಚರ್ಚೆ ಆಗಬೇಕು.

ಇನ್ನೊಂದು ವಿಧಾನದ ಹೆಸರನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ, ಟೇರ್. ಯಿಟ್ರಿಯಮ್-90 ಎಂಬ ವಿಕಿರಣ ಸೂಸುವ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳನ್ನು ಅದೇ ರಕ್ತನಾಳದಿಂದ ಗಡ್ಡೆಗೆ ಬಿಡುವುದು. ವಿಕಿರಣ ಸರಾಸರಿ 2.5 ಮಿಲಿಮೀಟರ್ ದೂರ ಹೋಗುತ್ತದೆ, ಸುಮಾರು 64 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಪೋರ್ಟಲ್ ವೇನ್‌ಗೆ ಕ್ಯಾನ್ಸರ್ ಹೊಕ್ಕಿರುವ ಕೆಲವರಿಗೆ, ಒಂದೇ ಕಡೆ ದೊಡ್ಡ ಗಡ್ಡೆ ಇರುವವರಿಗೆ ಇದು ಉಪಯೋಗ. ಖರ್ಚು ಲಕ್ಷಗಟ್ಟಲೆ. ನೀವು ಬರೆದಿರುವುದನ್ನು ನೋಡಿದರೆ ಇದಕ್ಕಾಗಿ ತೋಟ ಅಡ ಇಡುವ ಅಗತ್ಯ ಕಾಣುವುದಿಲ್ಲ.

ಲಿವರ್ ಕಸಿಯ ಮಾತನ್ನೂ ಎತ್ತಿ. ಗಡ್ಡೆ ಮತ್ತು ಸಿರೋಸಿಸ್ ಎರಡನ್ನೂ ಒಟ್ಟಿಗೆ ತೆಗೆಯುವ ಚಿಕಿತ್ಸೆ ಅದೊಂದೇ. 1996ರಲ್ಲಿ ಬಂದ ಮಿಲಾನ್ ನಿಯಮದ ಪ್ರಕಾರ 5 ಸೆಂ.ಮೀ. ಒಳಗಿನ ಒಂದು ಗಡ್ಡೆ, ಅಥವಾ ತಲಾ 3 ಸೆಂ.ಮೀ. ಮೀರದ ಮೂರರವರೆಗೆ ಗಡ್ಡೆ ಇರಬಹುದು. ಅಪ್ಪಯ್ಯನ 4.5 ಸೆಂ.ಮೀ. ಗಡ್ಡೆಯ ಕಾರಣ ಅವರು ಈಗ ಆ ಗೆರೆಯಿಂದ ಸ್ವಲ್ಪವೇ ಆಚೆ ಇದ್ದಾರೆ. ಟೇಸ್‌ನಿಂದ ಜೀವಂತ ಭಾಗವನ್ನು ಕುಗ್ಗಿಸಿ ಗೆರೆಯೊಳಗೆ ತರುವುದುಂಟು. 64 ವರ್ಷ ಅದಕ್ಕೆ ಅಡ್ಡಿಯಾಗಲೇಬೇಕೆಂದಿಲ್ಲ. ನಮ್ಮ ರಾಜ್ಯದಲ್ಲಿ ಅಂಗದಾನದ ಸರದಿ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ. ಕಸಿ ಮಾಡುವ ಆಸ್ಪತ್ರೆಯ ಮೂಲಕವೇ ಹೆಸರು ನೋಂದಾಯಿಸಬೇಕು. ಎಲ್ಲರಿಗೂ ಇದು ಆಗಿಬರುವ ದಾರಿಯಲ್ಲ, ಗೊತ್ತು. ಆದರೂ ಒಂದು ಸಲ ಕೇಳದೆ ಬಿಡಬೇಡಿ.

ನಾಟಿ ಔಷಧಿಯ ಬಗ್ಗೆ. ನಾನೂ ಇದೇ ಊರಿನವ. ಕಾಮಾಲೆಗೆ ನೆಲನೆಲ್ಲಿ ಅರೆದು ಕೊಟ್ಟಿದ್ದನ್ನು ನೋಡಿಕೊಂಡೇ ಬೆಳೆದವನು. ನಂಬಿಕೆಯನ್ನು ಹೀಯಾಳಿಸುವ ಮನಸ್ಸು ನನಗಿಲ್ಲ. ಆದರೆ ಸಿರೋಸಿಸ್ ಆದ ಲಿವರ್‌ಗೆ ಯಾವ ಬೇರು, ಯಾವ ಭಸ್ಮ ಎಷ್ಟು ಭಾರ ಎಂದು ಹೇಳಲು ಯಾರಲ್ಲೂ ಅಳತೆ ಇಲ್ಲ. ಗಿಡಮೂಲಿಕೆಯಿಂದಲೇ ಲಿವರ್‌ಗೆ ಪೆಟ್ಟು ಬಿದ್ದವರನ್ನು ನಮ್ಮ ವೃತ್ತಿಯಲ್ಲಿ ನೋಡುತ್ತೇವೆ. ಟೇಸ್ ಆಗುವ ಹೊತ್ತಿಗೆ ಅದನ್ನೂ ಕೊಟ್ಟು ಬಿಲಿರುಬಿನ್ ಏರಿದರೆ, ಮುಂದಿನ ಚಿಕಿತ್ಸೆಯ ಬಾಗಿಲೇ ಮುಚ್ಚುತ್ತದೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಬೈದರೂ ಹೇಳಿ.

ನನ್ನ ಚಿಕ್ಕಪ್ಪನ ಮಾತು ಇಲ್ಲಿ ಹೇಳಬೇಕು. ಅವರಿಗೆ ಹೆಪಟೈಟಿಸ್ ಬಿ ಇರುವುದು ರಕ್ತದಾನ ಮಾಡಲು ಹೋದಾಗ ಗೊತ್ತಾಗಿತ್ತು. ತೋರಿಸಿದ ಕಡೆ ‘ಏನೂ ತೊಂದರೆ ಇಲ್ಲ, ಆರಾಮಾಗಿರಿ’ ಎಂದು ಕಳಿಸಿದ್ದರು. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಯಾರೂ ಹೇಳಲಿಲ್ಲ. ಅವರೂ ಮನೆಯಲ್ಲಿ ಹೇಳಲಿಲ್ಲ. ವರ್ಷಗಳ ನಂತರ ನನ್ನ ಹತ್ತಿರ ಬಂದಾಗ ಕಣ್ಣು ಅರಿಶಿನದ ಹಾಗೆ, ಹೊಟ್ಟೆ ತುಂಬ ನೀರು. ಗಡ್ಡೆ ಚಿಕ್ಕದೇ ಇತ್ತು. ಬೇರೆಯವರಿಗೆ ಮಾಡುವ ಅದೇ ಕೆಲಸವನ್ನು ಅವರಿಗೆ ಮಾಡಲು ನನ್ನಿಂದ ಆಗಲಿಲ್ಲ, ಲಿವರ್ ತಡೆಯುತ್ತಿರಲಿಲ್ಲ. ನೀರು ತೆಗೆದು ನೋವು ಕಡಿಮೆ ಮಾಡುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. ನಿಮ್ಮ ಅಪ್ಪಯ್ಯನ ಗಡ್ಡೆ ಅವರಿಗಿಂತ ದೊಡ್ಡದು. ಆದರೂ ಅಪ್ಪಯ್ಯನ ಲಿವರ್ ಇನ್ನೂ ಟೇಸ್ ತಡೆಯುತ್ತದೆ ಎಂದು ನೋಡಿದವರು ಹೇಳಿದ್ದಾರೆ. ಈ ಅವಕಾಶವನ್ನು ನೆಂಟರ ಮಾತಿಗೆ ಎರಡು ತಿಂಗಳು ತಳ್ಳಬೇಡಿ.

ಹೊರಡುವ ಮುಂಚೆ ಮಾಡಬೇಕಾದ್ದು. ಹೆಪಟೈಟಿಸ್ ಬಿ ಮಾತ್ರೆ, ಟೆನೊಫೊವಿರ್ ಅಥವಾ ಎಂಟೆಕಾವಿರ್, ಶುರುವಾಗಿದೆಯಾ ನೋಡಿ. ಟೇಸ್ ಆದ ಮೇಲೆ ವೈರಸ್ ಮತ್ತೆ ಕೆರಳುವುದುಂಟು, ಹಾಗಾಗಿ ಆ ಮಾತ್ರೆ ಒಂದು ದಿನವೂ ತಪ್ಪಬಾರದು. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮ 2018ರಿಂದ ಇದೆ, ಅದರಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಈ ಔಷಧಿ ಉಚಿತ. ಶಿವಮೊಗ್ಗಕ್ಕೆ ಬಂದಾಗ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದ್ದರೆ ಮೊದಲೇ ತಿಳಿಸಿ. ಹಿಂದೆ ಡೈ ಕೊಟ್ಟಾಗ ಮೈ ತುರಿಕೆ ಬಂದಿದ್ದರೆ ಅದನ್ನೂ ಹೇಳಿ. ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಜನ ಮರೆಯುತ್ತಾರೆ: ಸಿಟಿಯ ರಿಪೋರ್ಟ್ ಕಾಗದ ಮಾತ್ರ ತರಬೇಡಿ, ಸಿಡಿಯನ್ನೂ ಕೇಳಿ ಪಡೆದು ತನ್ನಿ. ಕಾಗದದಲ್ಲಿ ರಕ್ತನಾಳದ ಕವಲು ಕಾಣುವುದಿಲ್ಲ.

ತೀರ್ಥಹಳ್ಳಿಯವರು ಮಣಿಪಾಲಕ್ಕೂ ಹೋಗಬಹುದು, ಬೆಂಗಳೂರಿಗೂ ಹೋಗಬಹುದು. ಎಲ್ಲಿ ಮಾಡಿಸಿದರೂ ಡಿಸ್ಚಾರ್ಜ್ ಆದ ದಿನವೇ ಮನೆಗೆ ಓಡಬೇಡಿ, ಇನ್ನೊಂದೆರಡು ದಿನ ಆಸ್ಪತ್ರೆಗೆ ಹತ್ತಿರ ಉಳಿಯಿರಿ. ಮಳೆಗಾಲದಲ್ಲಿ ಆಗುಂಬೆ ರಸ್ತೆಯ ಮೇಲೆ ಮರ ಬಿದ್ದರೆ ಜ್ವರ ಬಂದವರನ್ನು ಕರೆದೊಯ್ಯುವುದು ಎಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮನೆಗೆ ಬಂದ ಮೇಲೆ ತೊಂದರೆಯಾದರೆ ಶಿವಮೊಗ್ಗದಲ್ಲಿ ಯಾರನ್ನು ನೋಡಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡಿರಿ. ದುಡ್ಡಿನ ವಿಷಯಕ್ಕೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಈ ಯೋಜನೆಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ನೋಡಿ ಮಾತಾಡಿ, ಬಿಲ್ ಆದ ಮೇಲಲ್ಲ.

ಊಟದ ಬಗ್ಗೆ ಜಾಸ್ತಿ ಕಟ್ಟುಪಾಡು ಬೇಡ. ಲಿವರ್ ಕಾಯಿಲೆ ಅಂದ ಕೂಡಲೇ ಬರೀ ಗಂಜಿ ಹಾಕಿ ಮನುಷ್ಯನನ್ನು ಸೊರಗಿಸುತ್ತಾರೆ. ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಬೇಯಿಸಿದ ಮೀನು ಕೊಡಿ. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಲಿ, ಬರಿಹೊಟ್ಟೆಯ ದೀರ್ಘ ರಾತ್ರಿ ಸಿರೋಸಿಸ್‌ನವರ ಸ್ನಾಯುಗಳನ್ನು ಕರಗಿಸುತ್ತದೆ. ಹೊಟ್ಟೆಯಲ್ಲಿ ನೀರು ಬಂದಿದ್ದರೆ ಉಪ್ಪು ಕಡಿಮೆ ಮಾಡಿ, ಅಪ್ಪೆಮಿಡಿ ಜಾಡಿ ದೂರ ಇಡಿ. ಮಳೆಗಾಲದ ಥಂಡಿಗೆ ಬೂಸಲು ಹಿಡಿದ ಶೇಂಗಾ ಎಸೆಯಿರಿ, ಆ ಬೂಸಲಿನ ವಿಷವೂ ಲಿವರ್ ಕ್ಯಾನ್ಸರ್ ತರುವಂಥದ್ದು. ಕಾಫಿ ನಿಲ್ಲಿಸಬೇಕಾಗಿಲ್ಲ, ಕುಡಿಯಲಿ.

ಕೊನೆಗೆ ನಿಮ್ಮ ತಂಗಿ. ಅವಳ ಎದುರು ಮಾತಾಡದೆ ಇರುವುದು ಪ್ರೀತಿಯಿಂದಲೇ, ಆದರೆ ಈ ವಿಷಯ ಅವಳಿಗೆ ಈ ವಾರವೇ ಗೊತ್ತಾಗಬೇಕು. ಹೆಪಟೈಟಿಸ್ ಬಿ ಒಂದೇ ತಟ್ಟೆಯಲ್ಲಿ ಉಂಡರೆ, ಮೈ ಮುಟ್ಟಿದರೆ ಹರಡುವುದಿಲ್ಲ. ರಕ್ತದಿಂದ, ಒಬ್ಬರ ಬ್ಲೇಡು ಇನ್ನೊಬ್ಬರು ಬಳಸಿದರೆ, ಗಂಡಹೆಂಡಿರ ನಡುವೆ, ತಾಯಿಯಿಂದ ಮಗುವಿಗೆ ಹರಡುತ್ತದೆ. ಈ ಲಸಿಕೆ ದೇಶದ ಎಲ್ಲ ಮಕ್ಕಳ ಪಟ್ಟಿಗೆ ಬಂದದ್ದು 2011ರಲ್ಲಿ, ಹಾಗಾಗಿ ನೀವು, ತಂಗಿ ಇಬ್ಬರೂ ಚಿಕ್ಕವರಿದ್ದಾಗ ಅದನ್ನು ಹಾಕಿಸಿಕೊಂಡಿರುವುದು ಅನುಮಾನ. ಅಮ್ಮ, ನೀವು, ತಂಗಿ, ಅಪ್ಪಯ್ಯನ ಒಡಹುಟ್ಟಿದವರು ಎಲ್ಲರೂ ಈ ಸೋಂಕು ಇದೆಯಾ ಎಂದು ತೋರಿಸುವ ಎಚ್‌ಬಿಎಸ್‌ಎಜಿ ರಕ್ತ ಪರೀಕ್ಷೆ ಮಾಡಿಸಿ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ, ಮೊದಲನೆಯದು, ತಿಂಗಳ ನಂತರ, ಆರು ತಿಂಗಳಿಗೆ. ತಂಗಿಯ ತಾಯಿ ಕಾರ್ಡ್ ತೆಗೆದು ಈ ಪರೀಕ್ಷೆ ಬರೆದಿದೆಯಾ ನೋಡಿ. ಇಲ್ಲದಿದ್ದರೆ ನಾಳೆಯೇ ಮಾಡಿಸಿ. ಪಾಸಿಟಿವ್ ಬಂದು ವೈರಸ್ ಪ್ರಮಾಣ ಜಾಸ್ತಿ ಇದ್ದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್ ಕೊಡುತ್ತಾರೆ, ಏಳನೇ ತಿಂಗಳು ಅಂದರೆ ಅದಕ್ಕೆ ಸರಿಯಾದ ಹೊತ್ತು. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು. ತಾಯಿ ಪಾಸಿಟಿವ್ ಆಗಿದ್ದರೆ ಅದರ ಜೊತೆಗೆ ಮಗುವಿಗೆ ಇಮ್ಯುನೊಗ್ಲೋಬ್ಯುಲಿನ್, ಅಂದರೆ ವೈರಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ, ಇಂಜೆಕ್ಷನ್ನೂ ಬೇಕು, ಅದು ಎಲ್ಲ ಕಡೆ ಕೂಡಲೇ ಸಿಗುವುದಿಲ್ಲ. ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲಿ ಈಗಲೇ ಹೇಳಿ ತರಿಸಿಡಿ. ಇಷ್ಟು ಮಾಡಿದರೆ ಅವಳು ಮಗುವಿಗೆ ಧೈರ್ಯವಾಗಿ ಎದೆಹಾಲು ಕುಡಿಸಬಹುದು.